ತಿಮ್ಮನಾಡಿದ ಸತ್ಯ

ಬಳ್ಳಾರಿಗೆ ಸಮೀಪದ ಸಂಗನಕಲ್ಲಿನ ಬೆಟ್ಟದಲ್ಲಿ ಕೆಲವು ಕರಿಬಂಡೆಗಳಿವೆ. ಮತ್ತೊಂದು ಕಲ್ಲಿನಿಂದ ತಟ್ಟಿದರೆ ಅವು ಗಂಟೆಯಂತೆ ನಾದಗೈಯುತ್ತವೆ. ನೋಡುವವನಿಗೆ ಅದು ಬರಿಯ ಬಂಡೆ. ಕಿವಿಗೊಟ್ಟವನಿಗೆ ಮಾತ್ರ ಅದರೊಳಗೊಂದು ದನಿ. ಜನರು ಬಾಯಿ ಮುಚ್ಚಿದರೆ ಕಲ್ಲುಗಳೇ ದನಿಯೆತ್ತುವುವೆಂದು ಪ್ರಭು ಎಚ್ಚರಿಸಿದ್ದನ್ನು (ಲೂಕ 19) ಓದುವಾಗಲೆಲ್ಲ ನನಗೆ ಆ ಬೆಟ್ಟ ನೆನಪಾಗುತ್ತದೆ.

ಈ ಸೀಮೆ ಕನ್ನಡಕ್ಕಿತ್ತ ಅಂತಹುದೇ ಮತ್ತೊಂದು ದನಿ ಬೀಚಿಯವರದು. 1913ರಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯಲ್ಲಿ ಜನಿಸಿ, 1980ರಲ್ಲಿ ನಿಧನರಾದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಬರೆದವರು. ಅವರು ಸೃಷ್ಟಿಸಿದ ತಿಮ್ಮ ಪಂಡಿತನಲ್ಲ, ಸಂತನೂ ಅಲ್ಲ. ಒಮ್ಮೆ ದಡ್ಡನಂತೆ, ಒಮ್ಮೆ ತುಂಟನಂತೆ ಕಾಣುವ ಅವನ ಬಾಯಿಂದ, ದೊಡ್ಡವರು ಆಡಲಂಜುವ ಸತ್ಯ ಹೊರಬೀಳುತ್ತದೆ. ಬೀಚಿಯವರ ಸಾಧನೆ ಇರುವುದು ಇಲ್ಲಿಯೇ.

ಕೊರತೆಗಳಿಲ್ಲವೆಂದಲ್ಲ. ಹೆಂಡಿರನ್ನು ಕುರಿತ ಅವರ ಕೆಲವು ನಗೆಹನಿಗಳು ಇಂದು ಮುಜುಗರ ತರುತ್ತವೆ. ಕೆಲವೆಡೆ ಪದಚಮತ್ಕಾರವೇ ಅರ್ಥವನ್ನು ನುಂಗುತ್ತದೆ. ಆದರೆ ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟ ಲೇಖಕ, ತನ್ನನ್ನು ಮೊದಲು ನಗೆಗೆ ಈಡುಮಾಡಿಕೊಂಡೇ ಪರರ ಕಡೆ ತಿರುಗುತ್ತಾನೆ. ನಿಜವಾದ ದೋಷ ಓದುಗರಾದ ನಮ್ಮದು. ತಿಮ್ಮನ ಮಾತು ನೆರೆಮನೆಯವನಿಗೆ ಸಲ್ಲುವುದೆಂದು ಭಾವಿಸಿ ನಕ್ಕು ಪುಟ ಮಗುಚುತ್ತೇವೆ. ಆ ನಗು ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ.

ಪವಿತ್ರ ಗ್ರಂಥದಲ್ಲೂ ತಿಮ್ಮಂದಿರಿಗೆ ಬರವಿಲ್ಲ. ಪ್ರವಾದಿ ಬಿಳಾಮನಿಗೆ ಕಾಣದ ದೇವದೂತ ಅವನ ಕತ್ತೆಗೆ ಕಂಡನು. ಸೇನಾಪತಿ ನಾಮಾನನಿಗೆ ಗುಣವಾಗುವ ದಾರಿ ತೋರಿದವಳು ಸೆರೆಯಾಗಿ ಬಂದ ಹುಡುಗಿ. ನದಿಯಲ್ಲಿ ಮುಳುಗೇಳಲು ಒಪ್ಪಿಸಿದವರು ಅವನ ಸೇವಕರು. ಅವರ ಮಾತನ್ನು ಕೀಳೆಂದು ತಳ್ಳಿದ್ದರೆ ಅವನು ಕುಷ್ಠರೋಗಿಯಾಗಿಯೇ ಮರಳುತ್ತಿದ್ದನು.

ಇದನ್ನು ಬೋಧಿಸುವ ನಾನೂ ಒಮ್ಮೆ ಸೋತಿದ್ದೇನೆ. ಹಲವು ವರ್ಷಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ, ಕುಡಿದ ವಾಸನೆ ಬೀರುತ್ತಿದ್ದ ಕೂಲಿಕಾರನೊಬ್ಬ ದೇವಾಲಯದ ಬಾಗಿಲಲ್ಲಿ ನನ್ನನ್ನು ತಡೆದನು. “ಫಾದರ್, ದೊಡ್ಡೋರ ಮನ್ಯಾಗ ಸತ್ರೆ ನೀವು ಆಗಲೇ ಬರ್ತೀರಿ. ನಮ್ಮ ಮನ್ಯಾಗ ಸತ್ರೆ ಹೆಣಾನೇ ನಿಮ್ಮ ದಾರಿ ಕಾಯ್ತೈತಿ,” ಎಂದನು. ಸುತ್ತಲಿದ್ದವರು ನಕ್ಕರು. ಕುಡಿತ ಬಿಟ್ಟು ಬಾ, ಆಮೇಲೆ ಮಾತಾಡೋಣವೆಂದು ನಾನು ಅವನನ್ನು ಸಾಗಹಾಕಿದೆ. ಅಂದು ರಾತ್ರಿ ಆ ವರ್ಷದ ಶವಸಂಸ್ಕಾರಗಳನ್ನು ಒಂದೊಂದಾಗಿ ನೆನೆದೆ. ಅವನು ಹೇಳಿದ್ದು ನಿಜವಾಗಿತ್ತು. ಅವನ ಕುಡಿತ ಅವನ ಪಾಪವಾಗಿರಬಹುದು; ಅದು ನನ್ನ ಪಾಪಕ್ಕೆ ಉತ್ತರವಾಗಿರಲಿಲ್ಲ. ಮರುದಿನ ಅವನ ಗುಡಿಸಲಿಗೆ ಹೋಗಿ ಕ್ಷಮೆ ಕೇಳಿದೆ.

ಹೇಳಿದವನು ಯಾರೆಂದು ಕೇಳುವ ಮುನ್ನ, ಹೇಳಿದ್ದು ನಿಜವೇ ಎಂದು ಕೇಳಿಕೊಳ್ಳುವುದು ಪಶ್ಚಾತ್ತಾಪದ ಮೊದಲ ಮೆಟ್ಟಿಲು. ಮನೆಯ ಸೊಸೆ, ಶಾಲೆಗೆ ಹೋಗುವ ಮಗ, ಕಸ ಗುಡಿಸುವಾಕೆ, ನಮ್ಮ ಧರ್ಮಕ್ಕೆ ಸೇರದ ನೆರೆಯವನು: ಇವರಲ್ಲಿ ಯಾರ ಬಾಯಿಂದಲಾದರೂ ದೇವರು ನಮ್ಮೊಡನೆ ಮಾತನಾಡಬಹುದು. ಬೀಚಿಯವರನ್ನು ಓದಿ ನಗೋಣ. ನಕ್ಕಾದ ಮೇಲೆ ಒಂದು ಗಳಿಗೆ ಸುಮ್ಮನೆ ಕುಳಿತು, ಈ ತಿಮ್ಮ ಇಂದು ಹೇಳಿದ್ದು ನನಗೇ ಅಲ್ಲವೇ ಎಂದು ಕೇಳಿಕೊಳ್ಳೋಣ.