ಹಿಮಕ್ಕೆ ಮದ್ದುಂಟು, ಶಿಂಜಿಗಿಲ್ಲ

ಮುಂಬೈಯಲ್ಲಿ ಹಿಮ ಬೀಳುತ್ತದೆ. ಬೆಳಿಗ್ಗೆ ಎದ್ದ ಮಕ್ಕಳು ಹೊರಗೆಲ್ಲ ಬೆಳ್ಳಗಾದದ್ದು ಕಂಡು ಖುಷಿಯಿಂದ ಅಪ್ಪನನ್ನು ಎಬ್ಬಿಸುತ್ತಾರೆ. ಅದರ ಅರ್ಥ ಗೊತ್ತಿರುವುದು ಅಪ್ಪನಿಗೆ ಮಾತ್ರ. ಜಯಂತ ನಾರಳೀಕರರ ಹಿಮಯುಗದ ಕಥೆ ಶುರುವಾಗುವುದು ಹೀಗೆ. ಇದಕ್ಕಿಂತ ಭಯಂಕರ ಆರಂಭವನ್ನು ನಮ್ಮ ಸೀಮೆಯ ವಿಜ್ಞಾನ ಕಥೆಗಳಲ್ಲಿ ನಾನು ಓದಿಲ್ಲ. ಆದರೆ ಮುಂದೆ ವಿಜ್ಞಾನಿ ವಸಂತ ಚಿಟ್ನೀಸ್ ಉಪಾಯ ಹೇಳುತ್ತಾನೆ, ರಾಕೆಟ್‌ಗಳು ಹಾರುತ್ತವೆ, ವಾತಾವರಣಕ್ಕೆ ತೂರಿದ ಕಣಗಳು ಶಾಖವನ್ನು ಹಿಡಿದಿಡುತ್ತವೆ, ಭೂಮಿ ಬೆಚ್ಚಗಾಗುತ್ತದೆ. ಓದುಗ ನಿರಾಳವಾಗಿ ಪುಸ್ತಕ ಮುಚ್ಚುತ್ತಾನೆ. ನನ್ನ ತಕರಾರಿರುವುದು ಆ ನಿರಾಳದ ಬಗ್ಗೆಯೇ.

ನಾರಳೀಕರರು 1938ರಲ್ಲಿ ಹುಟ್ಟಿದ್ದು ಕೊಲ್ಹಾಪುರದಲ್ಲಿ, ಅಂದರೆ ಕರ್ನಾಟಕ-ಮಹಾರಾಷ್ಟ್ರ ಗಡಿಯ ಕೊಗನೊಳ್ಳಿ ಟೋಲ್ ದಾಟಿ ತಾಸಿನೊಳಗೆ ಮುಟ್ಟುವ ಊರಿನಲ್ಲಿ. ಮರಾಠಿ ವಿಜ್ಞಾನ ಪರಿಷತ್ತು ನಡೆಸಿದ ಸ್ಪರ್ಧೆಗೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ, ನಾರಾಯಣ ವಿನಾಯಕ ಜಗತಾಪ ಎಂಬ ಹೆಸರಿನಲ್ಲಿ ‘ಕೃಷ್ಣವಿವರ’ ಕಳಿಸಿ ಬಹುಮಾನ ಗೆದ್ದವರು. ಗಡಿಯ ಆಚೆಗೂ ಈಚೆಗೂ ವಿಜ್ಞಾನ ಕಥೆ ಬೆಳೆದದ್ದು ಇಂಥ ಪರಿಷತ್ತುಗಳ ಅಂಗಳದಲ್ಲೇ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ‘ಬಾಲವಿಜ್ಞಾನ’, ಶಾಲೆಗಳ ವಿಜ್ಞಾನ ಮೇಳ — ಇವೆಲ್ಲ ಕನ್ನಡದ ಮಟ್ಟಿಗೆ ದೊಡ್ಡ ಉಪಕಾರ ಮಾಡಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಳಿಸಿ ಹೇಳುವುದೇ ಗುರಿಯಾದಲ್ಲಿ ಕಥೆಗೆ ಕತ್ತಲು ದಕ್ಕುವುದಿಲ್ಲ. ಸಮಸ್ಯೆ ಹುಟ್ಟುವುದೇ ಪರಿಹಾರವನ್ನು ಬಗಲಲ್ಲಿಟ್ಟುಕೊಂಡು. ಬಾಳ ಫೋಂಡಕೆ 1993ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಸಂಪಾದಿಸಿದ ಭಾರತೀಯ ವಿಜ್ಞಾನ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ನಮ್ಮ ರಾಜಶೇಖರ ಭೂಸನೂರಮಠ, ಸಂಜಯ ಹಾವನೂರ ಇಬ್ಬರೂ ಇದ್ದಾರೆ; ಮರಾಠಿಯವರ ಪಾಲು ಅದಕ್ಕಿಂತ ಎಷ್ಟೋ ದೊಡ್ಡದು. ಸಂಖ್ಯೆಯಲ್ಲಿ ನಾವು ಹಿಂದೆ, ಮನೋಧರ್ಮದಲ್ಲಿ ಇಬ್ಬರೂ ಒಂದೇ ಸಾಲು.

ಈ ಮಾತು ಈಗ ಬರಲು ಕಾರಣ ಜಪಾನಿನ ಆ್ಯನಿಮೆ. ನಮ್ಮ ಕಾಲೇಜು ಹುಡುಗರು ಮೊಬೈಲಿನಲ್ಲಿ, ಬಹುಪಾಲು ಇಂಗ್ಲಿಷ್ ಅಡಿಬರಹ ಓದಿಕೊಂಡು ಇವನ್ನು ನೋಡುತ್ತಾರೆ. ದೊಡ್ಡವರು ಕಾರ್ಟೂನು ಎಂದು ಕೈಬಿಟ್ಟ ಈ ಸರಣಿಗಳಲ್ಲಿ ಪರಿಹಾರ ಕೊಡದೆ ಕತ್ತಲಲ್ಲೇ ನಿಲ್ಲುವ ಒಂದು ಗಟ್ಟಿಯಾದ ಪಂಥವೇ ಇದೆ. ಕತ್ಸುಹಿರೊ ಒತೊಮೊ ಅವರ ‘ಅಕಿರ’ (1988) ಟೋಕಿಯೊ ನಗರವನ್ನು ಮೊದಲ ದೃಶ್ಯದಲ್ಲೇ ಅಳಿಸಿಹಾಕಿತು. ಅಲ್ಲಿಂದ ಹೊರಟ ದಾರಿ 1995ರ ಅಕ್ಟೋಬರಿನಲ್ಲಿ ಶುರುವಾದ, 26 ಕಂತುಗಳ ‘ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್’ ಸರಣಿಗೆ ಬಂದು ಮುಟ್ಟಿತು. ಅದೇ ವರ್ಷ ಜನವರಿಯಲ್ಲಿ ಕೋಬೆ ಭೂಕಂಪ, ಮಾರ್ಚಿನಲ್ಲಿ ಟೋಕಿಯೊ ಮೆಟ್ರೊದಲ್ಲಿ ವಿಷಾನಿಲದ ದಾಳಿ. ನಿರ್ದೇಶಕ ಹಿದೆಯಾಕಿ ಆನೊ ಸ್ವತಃ ಖಿನ್ನತೆಯಿಂದ ಎದ್ದು ಬಂದವರು.

ಮೇಲ್ನೋಟಕ್ಕೆ ಕಥೆ ಸರಳ: ದೈತ್ಯ ಯಂತ್ರದೊಳಗೆ ಕೂತು ಶತ್ರುಗಳೊಡನೆ ಹೋರಾಡಬೇಕಾದ ಹದಿನಾಲ್ಕರ ಹುಡುಗ ಶಿಂಜಿ. 24ನೇ ಕಂತಿನಲ್ಲಿ ಅವನನ್ನು ಮೊದಲ ಬಾರಿ ಪ್ರೀತಿಯಿಂದ ಕಂಡ ಗೆಳೆಯ ಕವೊರು ಯಂತ್ರದ ಮುಷ್ಟಿಯಲ್ಲಿ ಸಿಕ್ಕಿದ್ದಾನೆ. ಅವನೇ ಕೊನೆಯ ಶತ್ರು, ಕೊಲ್ಲು ಎಂದು ಬೇಡುವವನೂ ಅವನೇ. ಚಿತ್ರ ಅಲ್ಲಿಗೆ ನಿಂತುಬಿಡುತ್ತದೆ. ಸುಮಾರು ಒಂದು ನಿಮಿಷ ತೆರೆಯ ಮೇಲೆ ಅದೊಂದೇ ಚಿತ್ರ, ಹಿಂದೆ ಬೀಥೊವೆನ್‌ನ ಒಂಬತ್ತನೆಯ ಸಿಂಫನಿ. ಹಣ, ಸಮಯ ಎರಡೂ ಮುಗಿದಿದ್ದ ತಂಡ ಚಿತ್ರ ಬರೆಯುವುದನ್ನು ಉಳಿಸಿತು ಎಂದು ನಗಬಹುದು. ಆದರೆ ಆ ಒಂದು ನಿಮಿಷದಲ್ಲಿ ನೋಡುಗನೂ ಮುಷ್ಟಿ ಬಿಗಿಹಿಡಿದಿರುತ್ತಾನೆ. ಕೊನೆಯ ಎರಡು ಕಂತುಗಳಲ್ಲಂತೂ ಯುದ್ಧ ಏನಾಯಿತೆಂದೇ ಹೇಳದೆ ಹುಡುಗನ ತಲೆಯೊಳಗೆ ಹೊಕ್ಕು ಕೂತರು. ಅಭಿಮಾನಿಗಳು ರೇಗಿದರು, 1997ರಲ್ಲಿ ಸಿನಿಮಾ ಮಾಡಿ ಇನ್ನೊಂದು ಅಂತ್ಯ ಕೊಡಬೇಕಾಯಿತು. ಅದು ಮೊದಲಿನದಕ್ಕಿಂತ ಕರಾಳ. ಹಿಮಯುಗಕ್ಕೆ ರಾಕೆಟ್ ಹಾರಿಸಬಹುದು. ಈ ಹುಡುಗನಿಗೆ ಹಾರಿಸಲು ಯಾರ ಬಳಿಯೂ ಏನೂ ಇಲ್ಲ.

ಹಾಗೆಂದು ಈ ಪಂಥವನ್ನು ತಲೆಮೇಲೆ ಹೊತ್ತು ಮೆರೆಸಬೇಕಿಲ್ಲ. ‘ಇವ್ಯಾಂಜೆಲಿಯನ್’ ತುಂಬ ಚೆಲ್ಲಿದ ಶಿಲುಬೆಗಳಿಗೆ ಆಳವಾದ ಅರ್ಥವೇನಿಲ್ಲ, ನೋಡಲು ಚೆನ್ನಾಗಿದ್ದವೆಂದು ಹಾಕಿದ್ದು ಎಂಬುದನ್ನು ಸಹಾಯಕ ನಿರ್ದೇಶಕ ಕಝುಯಾ ತ್ಸುರುಮಾಕಿಯೇ ಒಪ್ಪಿದ್ದಾರೆ. ಹದಿನಾಲ್ಕರ ಹುಡುಗಿಯರ ಮೈಮೇಲೆ ಅಲ್ಲಿ ಕ್ಯಾಮೆರಾ ಹರಿದಾಡುವ ರೀತಿ ಹೇಸಿಗೆ ಹುಟ್ಟಿಸುತ್ತದೆ. ಕಲೆ ಎಂದು ಅದಕ್ಕೆ ಮಾಫಿ ಕೊಡಲಾರೆ. ಅನುಕರಿಸಿದವರ ಕೈಯಲ್ಲಿ ಕತ್ತಲೂ ಮಾರುವ ಸರಕಾಯಿತು.

ಇವುಗಳ ನಡುವೆ ನನಗೆ ಹೆಚ್ಚು ಹತ್ತಿರವಾದದ್ದು 2012ರ ‘ಸೈಕೊ-ಪಾಸ್’. ಕಥೆಗಾರ ಗೆನ್ ಉರೊಬುಚಿ. ಮನುಷ್ಯ ಅಪರಾಧ ಮಾಡುವ ಸಾಧ್ಯತೆಯನ್ನು ಅಲ್ಲಿ ಯಂತ್ರವ್ಯವಸ್ಥೆಯೊಂದು ಅಂಕಿಯಲ್ಲಿ ಅಳೆಯುತ್ತದೆ. ಪೊಲೀಸರ ಬಂದೂಕು ಎದುರಿನವನ ಅಂಕಿ ಓದುತ್ತದೆ. ನೂರಕ್ಕಿಂತ ಕೆಳಗಿದ್ದರೆ ಕುದುರೆಯೇ ಒತ್ತಿಕೊಳ್ಳುವುದಿಲ್ಲ. 11ನೇ ಕಂತಿನಲ್ಲಿ ಮಕಿಶಿಮಾ ಎಂಬ ಕೊಲೆಗಡುಕ ಎಳೆಯ ಅಧಿಕಾರಿ ಅಕಾನೆಯ ಕಣ್ಣೆದುರೇ ಅವಳ ಗೆಳತಿಯ ಕತ್ತು ಕೊಯ್ಯುತ್ತಾನೆ. ಬಂದೂಕು ಅವನತ್ತಲೇ ಇದೆ. ಅವನ ಅಂಕಿ ಇಳಿಯುತ್ತ ಹೋಗುತ್ತದೆ. ಯಂತ್ರದ ಲೆಕ್ಕದಲ್ಲಿ ಅವನು ನಿರಪರಾಧಿ.

ಕನ್ನಡದಲ್ಲಿ ಈ ಧಾಟಿಗೆ ಸಮೀಪ ಬಂದದ್ದು ಪುಸ್ತಕವಲ್ಲ, ಸಿನಿಮಾ: ಪ್ರೇಕ್ಷಕರಿಂದಲೇ ಹಣ ಕೂಡಿಸಿ ಪವನ್ ಕುಮಾರ್ 2013ರಲ್ಲಿ ತೆರೆಗೆ ತಂದ ‘ಲೂಸಿಯಾ’. ನಿದ್ದೆಗೆಂದು ನುಂಗಿದ ಗುಳಿಗೆ ಎರಡು ಬದುಕುಗಳನ್ನು ತೆರೆಯುತ್ತದೆ. ಟಾಕೀಸಿನಲ್ಲಿ ಟಾರ್ಚ್ ಹಿಡಿಯುವವನ ಬದುಕಿಗೆ ಬಣ್ಣ, ತಾರೆಯ ಬದುಕು ಕಪ್ಪು-ಬಿಳುಪು. ಈ ಒಂದು ಉಪಾಯದಲ್ಲಿ ಎಷ್ಟೋ ಕಾದಂಬರಿಗಳಿಗಾಗುವಷ್ಟು ಕಲ್ಪನೆಯಿದೆ. ಆದರೂ ಕೊನೆಯಲ್ಲಿ ಗಂಟುಗಳನ್ನೆಲ್ಲ ಬಿಚ್ಚಿ ನಮ್ಮ ಕೈಗಿಟ್ಟು ಕಳಿಸುವ ಆತುರ ಅದಕ್ಕೂ ತಪ್ಪಿಲ್ಲ. ನಮ್ಮ ಪ್ರೇಕ್ಷಕ ಗೊಂದಲದಲ್ಲಿ ಮನೆಗೆ ಹೋಗಬಾರದು ಎಂದು ಕಟ್ಟಳೆ ಮಾಡಿದವರು ಯಾರೋ!

ಕತ್ತಲಿಗೆ ನಮ್ಮಲ್ಲಿ ಸಾಮಗ್ರಿಯ ಬರವೇನಿಲ್ಲ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಮಹಾರಾಷ್ಟ್ರದಿಂದ ಬಂದ ಗಾಡಿಗಳನ್ನು ತಡೆದು ಆರ್‌ಟಿ-ಪಿಸಿಆರ್ ವರದಿ ಕೇಳುತ್ತಿದ್ದರು. ನೆಗೆಟಿವ್ ಇದ್ದವರಿಗೆ ದಾರಿ, ವರದಿಯೇ ಇಲ್ಲದವರಿಗೆ ವಾಪಸ್ಸು ಕೊಲ್ಹಾಪುರದ ಹಾದಿ. ಆಚೆ ತವರು, ಈಚೆ ಗಂಡನ ಮನೆ ಇರುವ ಹೆಂಗಸರು ಈ ಭಾಗದಲ್ಲಿ ಊರೂರಿಗಿದ್ದಾರೆ. ದಿನವೂ ದಾಟುತ್ತಿದ್ದ ರಸ್ತೆಯಲ್ಲಿ ಅವರ ಗುರುತು ಒಂದು ಹಾಳೆಗೆ ಇಳಿಯಿತು. ಸೋಂಕು ತಡೆಯಲು ಅದು ಬೇಕಿತ್ತು, ನಿಜ. ‘ಸೈಕೊ-ಪಾಸ್’ನ ವ್ಯವಸ್ಥೆಯೂ ಬೇಕೆಂದೇ ಬಂದದ್ದು, ಅದರ ಊರಿನ ಜನ ಸುರಕ್ಷಿತವಾಗಿದ್ದರು, ಸಂತೋಷವಾಗಿಯೂ ಇದ್ದರು. ನಮ್ಮ ವಿಜ್ಞಾನ ಕಥೆಗಾರನೊಬ್ಬ ಈ ಚೆಕ್‌ಪೋಸ್ಟಿನ ಬಗ್ಗೆ ಬರೆಯಲು ಕೂತರೆ ಮೂರನೇ ಪುಟದಲ್ಲಿ ವೈರಾಣುವಿನ ರಚನೆ ವಿವರಿಸಿ, ಕೊನೆಯ ಪುಟದಲ್ಲಿ ಲಸಿಕೆ ಕಂಡುಹಿಡಿಸುತ್ತಾನೆ ಎಂಬ ಅಳುಕು ನನಗೆ. ಅವನು ಬರೆಯಬೇಕಾದದ್ದು ಬ್ಯಾರಿಕೇಡಿನ ಪಕ್ಕ ಟೇಬಲ್ ಹಾಕಿಕೊಂಡು ಕೂತವನ ಬಗ್ಗೆ: ಎದುರಿಗೆ ನಿಂತವಳು ಪಕ್ಕದೂರಿನವಳೆಂದು ಅವನಿಗೆ ಗೊತ್ತು, ಆದರೂ ಅವನು ನೋಡುತ್ತಿರುವುದು ಅವಳ ಮುಖವನ್ನಲ್ಲ, ವರದಿಯ ಮೇಲಿನ ತಾರೀಖನ್ನು.