ಚಂದ್ರನ ಮೇಲೆ ಕುಳಿತ ಹುಡುಗಿ

ಬಿಯರಿನ ಬಗ್ಗೆ ಬರೆಯಲು ನಿಮಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಮಕ್ಕಳಿಗೆ ಕನ್ನಡ, ಸಮಾಜ ಪಾಠ ಹೇಳುತ್ತ ಬಂದವಳು ನಾನು. ನಮ್ಮ ಮನೆಯ ಹೊಸ್ತಿಲನ್ನು ಆ ಪದಾರ್ಥ ದಾಟಿದ್ದಿಲ್ಲ. ಆದರೆ ಅಚ್ಚಾದದ್ದು ಏನು ಕಂಡರೂ ಓದಿಬಿಡುವ ಚಾಳಿ ನನಗೆ ಚಿಕ್ಕಂದಿನಿಂದ ಇದೆ. ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣವನ್ನೂ ಬಿಡಿಸಿ ಓದಿದವಳು. 2023ರ ಬೇಸಿಗೆ ರಜೆಯಲ್ಲಿ ಅಮೆರಿಕದ ಮಿಲ್ವಾಕಿ ಊರಿನಲ್ಲಿರುವ ಮಗಳ ಮನೆಗೆ ಹೋದಾಗ ಈ ಚಾಳಿಗೆ ಸಿಕ್ಕಿದ್ದು ಬಿಯರ್ ಡಬ್ಬಿಗಳು. ಪುಸ್ತಕಗಳ ವಿಮರ್ಶೆಯನ್ನು ಬಲ್ಲವರು ಬರೆಯಲಿ. ನಾನು ಡಬ್ಬಿಯ ವಿಮರ್ಶೆ ಬರೆಯುತ್ತೇನೆ.

ಮಿಲ್ವಾಕಿ ಹೆಸರಾದದ್ದೇ ಬಿಯರಿನಿಂದ. ಮಿಷಿಗನ್ ಸರೋವರದ ದಂಡೆಯ ಈ ಊರಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯಿಂದ ವಲಸೆ ಬಂದವರು ತಮ್ಮ ಕಸುಬನ್ನೂ ಜೊತೆಗೆ ತಂದರು. ಪ್ಯಾಬ್ಸ್ಟ್, ಷ್ಲಿಟ್ಜ್, ಮಿಲ್ಲರ್ ಎಲ್ಲವೂ ಇಲ್ಲಿಯ ಹೆಸರುಗಳೇ. ಮಗಳ ಜೊತೆ ದಿನಸಿ ತರಲು ಹೋದರೆ, ಹಾಲು ಬ್ರೆಡ್ಡುಗಳ ಸಾಲು ದಾಟಿದ ಕೂಡಲೇ ಈ ಡಬ್ಬಿಗಳ ಗೋಡೆ. ಅಗ್ಗದವು 30 ಡಬ್ಬಿಗಳ ಪೆಟ್ಟಿಗೆಯಲ್ಲಿ ಬರುತ್ತವೆ. ನಾವು ಬೇಳೆ ಮೂಟೆ ಕೊಳ್ಳುವಂತೆ ಅವರು ಗಾಡಿಗೆ ಎತ್ತಿ ಹಾಕಿಕೊಳ್ಳುತ್ತಾರೆ.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಇವುಗಳ ಬಿರುದುಗಳು. ಬೆಲೆ ಕಡಿಮೆಯಾದಷ್ಟೂ ಬಿರುದು ದೊಡ್ಡದು. ಒಂದು ತನ್ನನ್ನು ಬಿಯರುಗಳ ರಾಜನೆಂದು ಕರೆದುಕೊಳ್ಳುತ್ತದೆ. ಪ್ಯಾಬ್ಸ್ಟ್‌ನದು ನೀಲಿ ರಿಬ್ಬನ್. 1882ರಿಂದ ಆ ಕಂಪನಿಯವರು ಬಾಟಲಿಯ ಕೊರಳಿಗೆ ನಿಜವಾದ ರೇಷ್ಮೆ ರಿಬ್ಬನ್ನನ್ನು ಕೈಯಿಂದಲೇ ಕಟ್ಟಿಸುತ್ತಿದ್ದರಂತೆ. 1893ರ ಷಿಕಾಗೋ ವಿಶ್ವ ಮೇಳದಲ್ಲಿ ತಮಗೆ ಮೊದಲ ಸ್ಥಾನ ಬಂತೆಂದು ಹೇಳಿಕೊಂಡರು; ಬಂತೋ ಇಲ್ಲವೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಬ್ರೂವರಿ 1996ರಲ್ಲಿ ಮುಚ್ಚಿತು. ಹಳೆಯ ಕಟ್ಟಡ ಹೋಟೆಲಾಗಿದೆ. ರಿಬ್ಬನ್ ಮಾತ್ರ ಡಬ್ಬಿಯ ಮೇಲೆ ಚಿತ್ರವಾಗಿ ಉಳಿದುಕೊಂಡಿದೆ.

ಮಿಲ್ಲರ್ ಹೈ ಲೈಫ್ ಎಂಬುದು 1903ರಲ್ಲಿ ಹುಟ್ಟಿತು. ಅದು ತನ್ನನ್ನು ಬಿಯರುಗಳಲ್ಲಿ ಶಾಂಪೇನ್ ಎಂದು ಕರೆದುಕೊಂಡಿತು. ಶಾಂಪೇನ್ ಎಂದರೆ ಫ್ರಾನ್ಸಿನ ಶ್ರೀಮಂತರ ಪಾನೀಯ. ಆ ಪ್ರಾಂತ್ಯದ್ದಲ್ಲದೆ ಬೇರೆಯವರು ಆ ಹೆಸರಿಡಬಾರದೆಂದು ಯೂರೋಪಿನಲ್ಲಿ ಕಾನೂನೇ ಇದೆ. ನಾನು ಅಲ್ಲಿಗೆ ಹೋದ ವರ್ಷವೇ ಏಪ್ರಿಲ್ ತಿಂಗಳಲ್ಲಿ ಬೆಲ್ಜಿಯಮ್ಮಿನಲ್ಲಿ ಈ ಬಿಯರಿನ 2,352 ಡಬ್ಬಿಗಳನ್ನು, ಹೆಸರು ಕದ್ದ ತಪ್ಪಿಗಾಗಿ, ನಾಶಮಾಡಿದರು. ಮಗಳು ಸುದ್ದಿ ಓದಿ ಹೇಳಿದಾಗ ನನಗೆ ನಗು ಬಂತು. ಬಡವ ಮಗನಿಗೆ ಮಹಾರಾಜ ಎಂದು ಹೆಸರಿಟ್ಟ ತಪ್ಪಿಗೆ ಹುಡುಗನಿಗೇ ಶಿಕ್ಷೆ ಕೊಟ್ಟಂತಾಯಿತು.

ಇನ್ನು ರುಚಿಯ ವಿಷಯ. ಓದದೆ ವಿಮರ್ಶೆ ಬರೆಯಬಾರದೆಂದು ನಾನು ಮಕ್ಕಳಿಗೆ ಹೇಳುತ್ತೇನೆ. ಆದ್ದರಿಂದ ಮುಚ್ಚಿಡುವುದಿಲ್ಲ, ಎರಡು ಗುಟುಕು ಕುಡಿದೆ. ತಣ್ಣಗಿತ್ತು. ಕಹಿ ಬಂದಂತೆ ಮಾಡಿ ಹೋಯಿತು. ಅಕ್ಕಿ ತೊಳೆದ ನೀರಿಗೆ ಯಾರೋ ಗುಳ್ಳೆ ಎಬ್ಬಿಸಿದ್ದಾರೆ ಅನ್ನಿಸಿತು. ಅಕ್ಕಿಯ ಮಾತು ಪೂರ್ತಿ ತಮಾಷೆಯೇನಲ್ಲ. ಅಮೆರಿಕದ ಬಾರ್ಲಿಯಲ್ಲಿ ಪ್ರೋಟೀನ್ ಹೆಚ್ಚು, ಅದೊಂದರಿಂದಲೇ ಮಾಡಿದರೆ ಬಿಯರ್ ಮಬ್ಬಾಗುತ್ತದೆ. ಅದಕ್ಕೆ ಬಡ್‌ವೈಸರಿನವರು ಅಕ್ಕಿಯನ್ನೂ, ಮಿಲ್ಲರಿನವರು ಮೆಕ್ಕೆಜೋಳದ ಪಾಕವನ್ನೂ ಸೇರಿಸುತ್ತಾರೆ. ತಿಳಿಯಾಗುತ್ತದೆ, ಹಗುರಾಗುತ್ತದೆ.

ಇದನ್ನು ಕಂಡು ಮೂಗು ಮುರಿಯುವವರು ಅಲ್ಲೂ ಇದ್ದಾರೆ. ಅಗ್ಗದ್ದು ಕುಡಿಯುವವರಿಗೆ ನಾಲಿಗೆಯೇ ಇಲ್ಲವೆಂಬಂತೆ ಮಾತಾಡುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಷ್ಲಿಟ್ಜ್ ಒಂದು ಕಾಲಕ್ಕೆ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು. 1970ರ ದಶಕದಲ್ಲಿ ಖರ್ಚು ಉಳಿಸಲು ಕಂಪನಿಯವರು ಕಡಿಮೆ ಬೆಲೆಯ ಸಾಮಾನು ಹಾಕಿದರು, ಹುದುಗುವ ಕಾಲವನ್ನೂ ಕಡಿತ ಮಾಡಿದರು. ಇಡ್ಲಿ ಹಿಟ್ಟು ಹುದುಗುವ ಮೊದಲೇ ಒಲೆಗಿಟ್ಟರೆ ಏನಾಗುತ್ತದೆಂದು ನಮಗೆ ಗೊತ್ತಿಲ್ಲವೇ? 1976ರಲ್ಲಿ ಬಿಯರಿನಲ್ಲಿ ಬಿಳಿಯ ಚೂರುಗಳು ತೇಲತೊಡಗಿದವು. ಕಾರ್ಖಾನೆಗಳಲ್ಲಿ ದುಡಿದು ಬಂದು ಕುಡಿಯುತ್ತಿದ್ದ ಜನ ಸದ್ದಿಲ್ಲದೆ ಕೈಬಿಟ್ಟರು. 1982ರಲ್ಲಿ ಕಂಪನಿ ಬೇರೆಯವರ ಪಾಲಾಯಿತು. ಬಡವರ ನಾಲಿಗೆಯನ್ನು ಕಡೆಗಣಿಸಿದವರಿಗೆ ತಕ್ಕ ಪಾಠವೇ ಆಯಿತೆನ್ನಬೇಕು.

ಹೈ ಲೈಫ್ ಡಬ್ಬಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬಳು ಹುಡುಗಿ. ಬಾಗಿದ ಚಂದ್ರನ ಮೇಲೆ ಕುಳಿತಿದ್ದಾಳೆ, ತಲೆಗೆ ಟೊಪ್ಪಿ, ಮುಖದಲ್ಲಿ ಹರ್ಷ. 1907ರ ಸುಮಾರಿನಿಂದ ಹಾಗೇ ಕುಳಿತಿದ್ದಾಳೆ. ಗಂಡಸರ ಪಾನೀಯವೆಂದು ಹೆಸರಾದದ್ದರ ಮೇಲೆ ಇವಳೇಕೆ ಎಂದು ಯೋಚಿಸಿದೆ. ಅಲ್ಲಿ ಮೊದಲು ವಲಸೆ ಬಂದು ನೆಲೆಸಿದವರ ಕಾಲದಲ್ಲಿ ಬಿಯರ್ ಮಾಡುವುದು ಅಡಿಗೆಮನೆಯ ಕೆಲಸವಾಗಿತ್ತು; ಎಂದರೆ ಹೆಂಗಸರ ಕೆಲಸ. ಕಾರ್ಖಾನೆ ಬಂದ ಮೇಲೆ ಕಸುಬು ಗಂಡಸರದಾಯಿತು, ಲಾಭವೂ ಅವರದಾಯಿತು. ಹೆಂಗಸು ಚಿತ್ರವಾದಳು.

ಜಾಹೀರಾತುಗಳನ್ನು ಹುಡುಕಿ ನೋಡಿದರೆ ಕತೆ ಇನ್ನೂ ಸ್ಪಷ್ಟವಾಗುತ್ತದೆ. 1952ರ ಷ್ಲಿಟ್ಜ್ ಜಾಹೀರಾತೊಂದರಲ್ಲಿ ಅಡಿಗೆ ಸೀದು ಹೋದುದಕ್ಕೆ ಹೆಂಡತಿ ಅಳುತ್ತಿದ್ದಾಳೆ. ಬಿಯರನ್ನಂತೂ ನೀನು ಸೀಯಿಸಲಿಲ್ಲವಲ್ಲ ಎಂದು ಗಂಡ ಸಮಾಧಾನ ಹೇಳುತ್ತಾನೆ. 1991ರಲ್ಲಿ ಓಲ್ಡ್ ಮಿಲ್ವಾಕಿ ಎಂಬ ಅಗ್ಗದ ಬಿಯರಿನ ಟಿವಿ ಜಾಹೀರಾತಿನಲ್ಲಿ ಈಜುಡುಗೆಯ ಹುಡುಗಿಯರ ದಂಡೇ ಗಂಡಸರ ಮುಂದೆ ಬಂದಿಳಿಯುತ್ತಿತ್ತು. ಅದನ್ನು ತಯಾರಿಸುತ್ತಿದ್ದ ಸ್ಟ್ರೋ ಕಂಪನಿಯ ಸೇಂಟ್ ಪಾಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹೆಂಗಸರು ಅದೇ ವರ್ಷ ಕೋರ್ಟಿಗೆ ಹೋದರು. ಕೆಲಸದ ಜಾಗದಲ್ಲಿ ತಮಗಾಗುತ್ತಿರುವ ಕಿರುಕುಳಕ್ಕೆ ಈ ಜಾಹೀರಾತುಗಳೇ ಕುಮ್ಮಕ್ಕು ಎಂಬುದು ಅವರ ದೂರು. ಎಷ್ಟು ಸರಿಯಾದ ವಿಮರ್ಶೆ ನೋಡಿ! ಯಾವ ಪಂಡಿತರೂ ಬರೆಯದ್ದನ್ನು ಆ ಕೆಲಸಗಾರ್ತಿಯರು ಬರೆದುಕೊಟ್ಟರು.

ಡಬ್ಬಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದೆ. ಅಲ್ಲಿ ಚಿಕ್ಕ ಅಕ್ಷರದಲ್ಲಿ ಸರ್ಕಾರದ ಎಚ್ಚರಿಕೆ. 1989ರಿಂದ ಅಮೆರಿಕದ ಎಲ್ಲ ಮದ್ಯದ ಮೇಲೂ ಇದು ಕಡ್ಡಾಯ. ಗರ್ಭಿಣಿಯಾದಾಗ ಹೆಂಗಸರು ಮದ್ಯ ಸೇವಿಸಬಾರದು, ಮಗುವಿಗೆ ತೊಂದರೆ ಎಂಬುದು ಮೊದಲ ಮಾತು. ವಾಹನ, ಯಂತ್ರ, ಆರೋಗ್ಯಗಳ ಮಾತು ಆಮೇಲೆ. ಎಚ್ಚರಿಕೆ ಸರಿಯಾದದ್ದೇ, ಬೇಕಾದದ್ದೇ. ಆದರೆ ನೋಡಿ, ಡಬ್ಬಿಯ ಮೇಲೆ ಹೆಂಗಸು ಎರಡೇ ಕಡೆ ಇದ್ದಾಳೆ: ಒಂದು ಕಡೆ ಚಂದ್ರನ ಮೇಲಿನ ಚೆಲುವೆ, ಇನ್ನೊಂದು ಕಡೆ ಬಸುರಿ. ಗಂಡ ಮನೆಗೆ ಬರುವುದನ್ನೇ ಕಾಯುತ್ತ ದೀಪ ಹಾಕಿಕೊಂಡು ಕೂರುವವಳು ಎಲ್ಲಿಯೂ ಇಲ್ಲ.

ಅಂಥವಳೊಬ್ಬಳನ್ನು ನಾನು ಬಲ್ಲೆ. ನನ್ನ ಸೋದರಮಾವ ಸಂಬಳದ ದಿನ ಸಾರಾಯಿ ಅಂಗಡಿಯಿಂದ ನೇರವಾಗಿ ಮನೆಗೆ ಬರುತ್ತಿರಲಿಲ್ಲ, ಊರೆಲ್ಲ ಸುತ್ತಿ ಬರುತ್ತಿದ್ದರು. ಬೀದಿಯ ತಿರುವಿನಲ್ಲಿ ಕೇಳುವ ಹೆಜ್ಜೆಯ ಸದ್ದಿನಿಂದಲೇ ಎಷ್ಟು ಕುಡಿದಿದ್ದಾರೆಂದು ಅತ್ತೆ ಹೇಳುತ್ತಿದ್ದರು. ನಮ್ಮನ್ನು ಒಳಕೋಣೆಗೆ ಕಳಿಸಬೇಕೋ ಬೇಡವೋ ಎಂಬುದು ಆ ಸದ್ದಿನ ಮೇಲೆ ನಿಂತಿತ್ತು. ಕರ್ನಾಟಕದಲ್ಲಿ 2007ರ ಜುಲೈ 1ರಂದು ಸಾರಾಯಿ ನಿಂತಿತು. ಅದನ್ನು ಕಾಣಲು ಅತ್ತೆ ಇರಲಿಲ್ಲ.

ಹಾಗಾಗಿ ಮಗಳ ಪಕ್ಕದ ಮನೆಯಾಕೆಯನ್ನು ಕಂಡಾಗ ನನಗೆ ಮುಜುಗರವೇ ಆಯಿತು. ಎಂಬತ್ತರ ಹತ್ತಿರದ ವಯಸ್ಸು. ಪ್ರತಿ ಶುಕ್ರವಾರ ಸಂಜೆ ಜಗಲಿಯಲ್ಲಿ ಸ್ವೆಟರ್ ಹಾಕಿಕೊಂಡು ಕುಳಿತು, ಒಂದು ಹೈ ಲೈಫ್ ಡಬ್ಬಿಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿಕೊಂಡು ನಿಧಾನವಾಗಿ ಕುಡಿಯುತ್ತಿದ್ದರು. ಈ ವಯಸ್ಸಿನಲ್ಲಿ ಇದೇನು ಎಂದುಕೊಂಡೆ. ನನ್ನ ಎರಡು ಗುಟುಕು ಬಂದದ್ದೂ ಅವರ ಕೈಯಿಂದಲೇ. ಡಬ್ಬಿಯನ್ನು ನಾನು ತಿರುಗಿಸಿ ತಿರುಗಿಸಿ ಓದುವುದನ್ನು ಕಂಡು, ನಕ್ಕು, ಇನ್ನೊಂದು ಲೋಟ ತಂದಿದ್ದರು.

ಅವರ ಗಂಡ ಊರಿನ ಒಂದು ಬ್ರೂವರಿಯಲ್ಲಿ ಬಾಟಲಿ ತುಂಬುವ ವಿಭಾಗದಲ್ಲಿದ್ದವರಂತೆ. ಆ ಕಾಲದಲ್ಲಿ ಕೆಲಸದ ನಡುವೆಯೂ ಕುಡಿಯಬಹುದಿತ್ತಂತೆ. ಮನೆಗೆ ಬಂದ ಮೇಲೂ ನಿಲ್ಲುತ್ತಿರಲಿಲ್ಲ. ಅವರು ತೆರೆದ ಒಂದೊಂದು ಡಬ್ಬಿಗೂ ಈಕೆ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಆ ದಿನದ ಚೌಕದೊಳಗೆ, ಪೆನ್ಸಿಲಿನಿಂದ ಒಂದೊಂದು ಗೆರೆ ಎಳೆಯುತ್ತಿದ್ದರು. ಹಾಗೆ ಹತ್ತೊಂಬತ್ತು ವರ್ಷ.

"ಯಾರಿಗೆ ತೋರಿಸುತ್ತಿದ್ದಿರಿ?" ಎಂದು ಕೇಳಿದೆ.

"ಯಾರಿಗೂ ಇಲ್ಲ. ಯಾರಾದರೊಬ್ಬರು ಲೆಕ್ಕ ಇಡಬೇಕಿತ್ತು."

ಇಷ್ಟೆಲ್ಲ ಆದ ಮೇಲೂ ಅದೇ ಡಬ್ಬಿಯನ್ನು ಹೇಗೆ ಮುಟ್ಟುತ್ತೀರಿ ಎಂದು ಕೇಳುವ ಧೈರ್ಯ ನನಗೆ ಕೊನೆಯ ವಾರ ಬಂತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಆ ಗೆರೆಗಳೆಲ್ಲ ಅವನವು, ಈ ಒಂದು ನನ್ನದು ಎಂದರು.

ಅಮೆರಿಕದಲ್ಲಿ ಮದ್ಯ ಬೇಡವೆಂದು 1874ರಲ್ಲಿ ಸಂಘ ಕಟ್ಟಿದವರೂ ಹೆಂಗಸರು. 1920ರಲ್ಲಿ ಬಂದ ನಿಷೇಧದಿಂದ ಕಳ್ಳಬಟ್ಟಿ, ರೌಡಿಗಳ ಹಾವಳಿ ಹೆಚ್ಚಿತೆಂದು, ಅದನ್ನು ತೆಗೆಯಿರಿ ಎಂದು 1929ರಲ್ಲಿ ಪಾಲಿನ್ ಸೇಬಿನ್ ಅವರ ನೇತೃತ್ವದಲ್ಲಿ ಸಂಘ ಕಟ್ಟಿದವರೂ ಹೆಂಗಸರು. 1933ರಲ್ಲಿ ನಿಷೇಧ ಹೋಯಿತು. ಹಿಂದೆ ಇದನ್ನು ಓದಿದಾಗ ಎರಡನೆಯ ಗುಂಪಿನವರ ಮೇಲೆ ನನಗೆ ಸಿಟ್ಟಿತ್ತು. ಈಗ ಅನ್ನಿಸುತ್ತದೆ, ಇಬ್ಬರೂ ತಮ್ಮ ತಮ್ಮ ಕ್ಯಾಲೆಂಡರ್ ನೋಡಿಯೇ ಮಾತಾಡಿದ್ದರು. ನನ್ನ ಅತ್ತೆಗೆ ಮಾತ್ರ ತನ್ನದೆಂದು ಹೇಳಿಕೊಳ್ಳುವ ಒಂದು ಗೆರೆಯೂ ಇರಲಿಲ್ಲ. ಬಿಯರ್ ಇರಲಿ, ಒಂದು ಲೋಟ ಕಾಫಿಯನ್ನು ಕುಳಿತು ಕುಡಿದದ್ದನ್ನೂ ನಾನು ಕಾಣೆ.

ಆಕೆ ತೊಳೆದುಕೊಟ್ಟ ಖಾಲಿ ಡಬ್ಬಿ ಈಗ ನನ್ನ ಮೇಜಿನ ಮೇಲೆ ಪೆನ್ಸಿಲ್ ಇಡುವುದಕ್ಕಿದೆ. ಟೀಚರಮ್ಮನ ಮನೆಯಲ್ಲಿ ಬಂದವರ ಕಣ್ಣಿಗೆ ಅದು ಬೀಳದಿರಲೆಂದು ನಮ್ಮವರು ಹುಡುಗಿಯನ್ನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತಾರೆ. ಆಗ ಗರ್ಭಿಣಿಯ ಎಚ್ಚರಿಕೆ ಈಚೆಗೆ ಬರುತ್ತದೆ. ನಾನು ದಿನವೂ ಸರಿಮಾಡಿ ಇಡುತ್ತೇನೆ, ಅವರು ದಿನವೂ ತಿರುಗಿಸುತ್ತಾರೆ.