ಬಿಕ್ಕಟ್ಟನ್ನು ಹತ್ತಿರದಿಂದ ಓದುವ ಬಗೆ

1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ಎಂದೊಡನೆ ಅಮೆರಿಕದ ಕೆನಡಿ, ಸೋವಿಯತ್ ಒಕ್ಕೂಟದ ಕ್ರುಶ್ಚೇವ್ ನೆನಪಾಗುತ್ತಾರೆ. ಚಿಕ್ಕ ಘಟನೆಯೊಂದನ್ನು ಹತ್ತಿರದಿಂದ ನೋಡುವ ಸೂಕ್ಷ್ಮ ಚರಿತ್ರೆಯ ರುಚಿ ಹತ್ತಬೇಕೆಂದರೆ ಅವರಿಬ್ಬರನ್ನೂ ತುಸು ಹೊತ್ತು ಬದಿಗಿಟ್ಟು, ಅಕ್ಟೋಬರ್ 27ರಂದು ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿಯೊಳಗೆ ಇಳಿಯಿರಿ.

ಉತ್ತರದ ಕೊರೆಯುವ ಕಡಲಿಗೆ ತಕ್ಕಂತೆ ಕಟ್ಟಿದ ಡೀಸೆಲ್ ನೌಕೆ ಅದು. ಬಂದು ಸಿಕ್ಕಿಕೊಂಡದ್ದು ಬೆಚ್ಚನೆಯ ಸರ್ಗಾಸೊ ಸಮುದ್ರದಲ್ಲಿ. ಒಳಗೆ 45 ಡಿಗ್ರಿ ಮೀರಿದ ಸೆಕೆ, ಕುಡಿಯುವ ನೀರು ಅಳೆದು ಕೊಡುವಷ್ಟೇ, ಬ್ಯಾಟರಿ ಬತ್ತುತ್ತಿದೆ, ಕೆಟ್ಟ ಗಾಳಿಗೆ ನಾವಿಕರು ಕುಸಿದು ಬೀಳುತ್ತಿದ್ದಾರೆ. ಮೇಲಿನಿಂದ ಅಮೆರಿಕದ ಹಡಗುಗಳು ಅಭ್ಯಾಸದ ಸಿಡಿಗುಂಡು ಎಸೆಯುತ್ತಿವೆ. ಅದು ಮೇಲೆ ಬರಲು ಕೊಡುವ ಸಂಕೇತವೆಂದು ಮಾಸ್ಕೋಗೆ ಮೊದಲೇ ತಿಳಿಸಲಾಗಿತ್ತು. ನೌಕೆಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ನೌಕೆಯಲ್ಲೊಂದು ಅಣು ಟಾರ್ಪಿಡೊ ಇತ್ತು. ಅದು ಮೇಲಿದ್ದವರಿಗೆ ಗೊತ್ತಿರಲಿಲ್ಲ.

ಸೆಕೆ, ನೀರು, ಬ್ಯಾಟರಿ ಇವೆಲ್ಲ ಕಥೆಗೆ ಬಣ್ಣ ಕಟ್ಟಲು ಬಂದವಲ್ಲ. ವಿವರವೊಂದನ್ನು ತೆಗೆದರೆ ದೊಡ್ಡ ಕಥೆ ಅಲುಗುತ್ತದೆಯೇ ಎಂದು ಓದುವಾಗ ಕೇಳಿಕೊಳ್ಳಿ. ಇಲ್ಲಿ ಅಲುಗುತ್ತದೆ: ಶ್ವೇತಭವನದಲ್ಲಿ ಅಳೆದು ಸುರಿದು ನಡೆದ ಚರ್ಚೆಯ ಅಂಕೆಯಲ್ಲಿ ಎಲ್ಲವೂ ಇರಲಿಲ್ಲ ಎಂಬುದು ಈ ಉಸಿರುಗಟ್ಟಿದ ಕೊಠಡಿಗೆ ಬಂದಾಗಲೇ ಮನವರಿಕೆಯಾಗುವುದು.

ಇನ್ನೊಂದು ಅಭ್ಯಾಸ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಯಾರು ಹೇಳುತ್ತಿದ್ದಾರೆ ಎಂದು ನೋಡುವುದು. ನೌಕೆಯಲ್ಲಿದ್ದ ವದಿಮ್ ಓರ್ಲೊವ್ ದಶಕಗಳ ನಂತರ ಹೇಳಿದಂತೆ, ನೀರಿನಡಿಯಲ್ಲೇ ಸಿಟ್ಟಿಗೆದ್ದ ಕಪ್ತಾನ ಸವಿಟ್ಸ್ಕಿ ಟಾರ್ಪಿಡೊ ಸಜ್ಜುಗೊಳಿಸಲು ಆಜ್ಞೆ ಕೊಟ್ಟರು. ನೌಕೆಯಲ್ಲಿದ್ದ ಇನ್ನೊಬ್ಬ ಅಧಿಕಾರಿ ವಸಿಲಿ ಆರ್ಖಿಪೊವ್ ಅವರನ್ನು ಸಮಾಧಾನಪಡಿಸಿದರು. ಆರ್ಖಿಪೊವ್ ಅವರ ಸ್ವಂತ ನೆನಪಿನಲ್ಲಿ ಅಪಾಯದ ಗಳಿಗೆ ನೌಕೆ ಮೇಲೆದ್ದ ನಂತರದ್ದು: ತಲೆಯ ಮೇಲೆ ವಿಮಾನ, ಕಣ್ಣು ಕೋರೈಸುವ ಸರ್ಚ್‌ಲೈಟ್, ನೌಕೆಯ ಪಕ್ಕದಲ್ಲೇ ಗುಂಡಿನ ಸುರಿಮಳೆ. ಎರಡೂ ಹೊಂದುವುದಿಲ್ಲ. ಆರ್ಖಿಪೊವ್ ಒಬ್ಬರೇ ಜಗತ್ತನ್ನು ಉಳಿಸಿದರು ಎನ್ನುವ ಜನಪ್ರಿಯ ಲೇಖನಗಳು ಈ ಬಿರುಕನ್ನು ಮುಚ್ಚಿಬಿಡುತ್ತವೆ. ಅದರಿಂದ ಆ ಮನುಷ್ಯನಿಗೂ ಅನ್ಯಾಯವೇ. ಒಳ್ಳೆಯ ಚರಿತ್ರೆಕಾರ ಬಿರುಕನ್ನು ಹಾಗೆಯೇ ತೋರಿಸುತ್ತಾನೆ. ಇಟಲಿಯ ಹಳ್ಳಿಯ ಗಿರಣಿಯವನೊಬ್ಬನ ವಿಚಾರಣೆಯ ಕಡತ ಹಿಡಿದು ಕಾರ್ಲೊ ಗಿನ್ಸ್‌ಬುರ್ಗ್ 1976ರಲ್ಲಿ ಬರೆದ ಪುಸ್ತಕದಿಂದ ಸೂಕ್ಷ್ಮ ಚರಿತ್ರೆ ಕಲಿತ ಪಾಠವದು.

ಮುಂದಿನ ಓದಿಗೆ ಮೈಕೆಲ್ ಡಾಬ್ಸ್ ಅವರ ‘ಒನ್ ಮಿನಿಟ್ ಟು ಮಿಡ್‌ನೈಟ್’ ಹಿಡಿಯಿರಿ. ಅದರಲ್ಲಿ ಬರುವಂತೆ, ಅದೇ 27ರಂದು ಕ್ಯೂಬಾದ ಮೇಲೆ ಅಮೆರಿಕದ ಯು-2 ವಿಮಾನವನ್ನು ಹೊಡೆದುರುಳಿಸಲಾಯಿತು. ಆಜ್ಞೆ ಕೊಟ್ಟ ಸೋವಿಯತ್ ಅಧಿಕಾರಿಗಳು ಕ್ರುಶ್ಚೇವ್ ಅವರ ಒಪ್ಪಿಗೆಗೆ ಕಾದಿರಲಿಲ್ಲ. ಉತ್ತರ ಧ್ರುವದತ್ತ ಹೋಗಿದ್ದ ಇನ್ನೊಂದು ಯು-2, ಧ್ರುವಪ್ರಭೆಯಿಂದ ನಕ್ಷತ್ರಗಳು ಕಾಣದೆ ದಾರಿ ತಪ್ಪಿ ಸೋವಿಯತ್ ನೆಲದ ಮೇಲೆ ಹಾರಿತು. ಆ ಪೈಲಟ್ ಚಾರ್ಲ್ಸ್ ಮಾಲ್ಟ್ಸ್‌ಬಿ ಇಂಧನ ಮುಗಿದ ವಿಮಾನವನ್ನು ತೇಲಿಸಿಕೊಂಡು ಅಲಾಸ್ಕಾ ಮುಟ್ಟಿದ ಪುಟಗಳಿಂದಲೇ ಶುರುಮಾಡಿ.